ಬನದ ನಾಗ ಹೆಂಚಿನ ರಾಶಿಗೆ ಯಾಕೆ ಬಂತು?

ನಮ್ಮ ದೊಡ್ಡಮ್ಮನ ಮನೆ ಉಡುಪಿ ಪೇಟೆಯಿಂದ ಸ್ವಲ್ಪ ಒಳಗೆ, ಬೈಲಿನ ಅಂಚಿನಲ್ಲಿದೆ. ಮನೆಯ ಹಿಂದೆ ಕುಟುಂಬದ ನಾಗಬನ, ಎಂದರೆ ನಾಗನನ್ನು ಪೂಜಿಸುವ ದೇವರ ಕಾಡು. ಕೆಲವು ವರ್ಷಗಳ ಹಿಂದೆ ಎಲ್ಲರೂ ದುಡ್ಡು ಹಾಕಿ ಬನದ ಜೀರ್ಣೋದ್ಧಾರ ಮಾಡಿಸಿದರು. ಬಳ್ಳಿಗಳನ್ನು ಸವರಿದರು. ಎರಡು ಮರ ಹೋದವು. ನೆಲಕ್ಕೆ ಇಂಟರ್‌ಲಾಕ್ ಬಂತು, ನಾಗನ ಕಲ್ಲುಗಳ ಸುತ್ತ ಗ್ರಾನೈಟ್ ಕಟ್ಟೆ ಬಂತು. ಹಿಂದಿನ ಮೂಲೆಗೆ ಮಾತ್ರ ಇಂಟರ್‌ಲಾಕ್ ಸಾಲಲಿಲ್ಲ, ಮುಂದಿನ ವರ್ಷ ನೋಡುವ ಎಂದು ಬಿಟ್ಟರು. ಚಂದವೇ ಕಾಣುತ್ತಿತ್ತು, ಸುಳ್ಳು ಹೇಳಬಾರದು. ನಾಗರ ಪಂಚಮಿಗೆ ತನು (ನಾಗನ ಕಲ್ಲಿಗೆ ಹಾಲು, ಸೀಯಾಳ) ಹಾಕಲು ಹೋದಾಗ ಕಾಲಿಗೆ ಕೆಸರು ಅಂಟಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಹಿತ್ತಲಿನ ಹೆಂಚಿನ ರಾಶಿಯಲ್ಲಿ ನಾಗರಹಾವು ಕಾಣಿಸಿತು. ಒಂದೇ ವಾರದಲ್ಲಿ ಮೂರು ಸಲ. ಮನೆಯಲ್ಲಿ ಗಡಿಬಿಡಿ ಶುರುವಾಯಿತು. ಜೋಯಿಸರಲ್ಲಿ ಪ್ರಶ್ನೆ ಇಡಬೇಕು ಎಂದು ಒಬ್ಬರು, ನಾಗನಿಗೆ ಆಶ್ಲೇಷ ಬಲಿ ಪೂಜೆ ಬಾಕಿ ಇತ್ತು ಎಂದು ಇನ್ನೊಬ್ಬರು. ಅಣ್ಣ ಮಾತ್ರ ಹಾವು ಹಿಡಿಯುವವರಿಗೆ ಫೋನ್ ಮಾಡಿದ.

ಬಂದವರು ರಾಶಿಗೆ ಒಮ್ಮೆ ಟಾರ್ಚ್ ಹಾಕಿ ನೋಡಿದರು. ಆಮೇಲೆ ಕೇಳತೊಡಗಿದರು. "ಕೋಳಿಗೆ ಹಾಕುವ ಅಕ್ಕಿ ಎಲ್ಲಿ ಇಡುವುದು ಅಮ್ಮ? ಬಚ್ಚಲಿನ ನೀರು ಎಲ್ಲಿಗೆ ಹೋಗ್ತದೆ? ಎದುರಿನ ಗದ್ದೆ ಬೇಸಾಯ ಇಲ್ಲದೆ ಹಡಿಲು ಬಿದ್ದು ಎಷ್ಟು ವರ್ಷ ಆಯ್ತು? ಈ ಹೆಂಚು ಯಾವಾಗಿನದ್ದು?" ದೊಡ್ಡಮ್ಮನಿಗೆ ಕಿರಿಕಿರಿ. "ಇವರು ಹಾವು ಹಿಡಿಲಿಕ್ಕೆ ಬಂದದ್ದಾ, ಹೆಣ್ಣು ನೋಡ್ಲಿಕ್ಕೆ ಬಂದದ್ದಾ ಮಾರಾಯ?" ಎಂದು ಒಳಗೆ ಬಂದು ನನ್ನ ಹತ್ತಿರ ಗೊಣಗಿದರು.

ಆ ನಾಲ್ಕು ಪ್ರಶ್ನೆ ಆಗ ನನಗೂ ವಿಚಿತ್ರ ಅನಿಸಿತ್ತು. ಈಗ ಅನಿಸುವುದಿಲ್ಲ. ತಿನ್ನಲು ಏನುಂಟು, ನೀರು ಎಲ್ಲುಂಟು, ಜನರ ಓಡಾಟ ಇಲ್ಲದ ಜಾಗ ಯಾವುದು, ಹೊಕ್ಕಿ ಕೂರಲು ತೂತು ಎಲ್ಲುಂಟು. ನಾಗರಹಾವಿಗೆ ಬೇಕಾದದ್ದು ಇಷ್ಟೇ. ನಾವು ಸೈಟ್ ನೋಡಲು ಹೋದಾಗ ಕೇಳುವುದೂ ಹೆಚ್ಚು ಕಡಿಮೆ ಇದನ್ನೇ, ಅಲ್ವಾ?

ಕಾಡಿನ ಹಾವು ಅಲ್ಲ

"ಕಾಡು ಹೋಯಿತು, ಅದಕ್ಕೆ ಹಾವು ಊರಿಗೆ ಬಂತು" ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆನೆಯ ವಿಷಯದಲ್ಲಿ ಆ ಮಾತು ಸರಿ ಇರಬಹುದು. ನಾಗರಹಾವಿನ ವಿಷಯದಲ್ಲಿ ಅಲ್ಲ. ಅದು ಗದ್ದೆ, ತೋಟ, ಕುರುಚಲು ಗುಡ್ಡ, ಹಳ್ಳಿ, ಪೇಟೆಯ ಅಂಚು, ಇಂಥ ಕಡೆ ಇರುವ ಹಾವು. ಮನುಷ್ಯ ಕಾಡು ಸವರಿ ಭತ್ತ ಬೆಳೆಯಲು ಶುರು ಮಾಡಿದಾಗ ಅದಕ್ಕೆ ನಷ್ಟಕ್ಕಿಂತ ಲಾಭವೇ ಜಾಸ್ತಿ ಆಯಿತು. ಭತ್ತ ಬಂದಲ್ಲಿ ಇಲಿ ಬಂತು. ಇಲಿ ಬಂದಲ್ಲಿ ನಾಗ ಬಂತು.

ನಮ್ಮ ನಾಗರಹಾವಿನ ವೈಜ್ಞಾನಿಕ ಹೆಸರು ನಾಜಾ ನಾಜಾ. 1758ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನಿಯಸ್ ಇದನ್ನು ದಾಖಲಿಸಿದ. ಆ ಹೆಸರಿನ ಮೂಲವೂ ನಮ್ಮ 'ನಾಗ' ಶಬ್ದವೇ. ಭಾರತ, ಪಾಕಿಸ್ತಾನ, ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾಗಳಲ್ಲಿ ಇದು ಇದೆ. ಸಮುದ್ರ ಮಟ್ಟದಿಂದ ಹಿಡಿದು ಸುಮಾರು 2,000 ಮೀಟರ್ ಎತ್ತರದವರೆಗೂ ಸಿಗುತ್ತದೆ. ಭಾರತದಲ್ಲಿ ಇದೇ ನಾಜಾ ಗುಂಪಿನ ಇನ್ನೂ ಮೂರು ಹಾವುಗಳಿವೆ. ಒಂದು ಬಂಗಾಳ, ಅಸ್ಸಾಂ ಕಡೆಯದ್ದು, ಒಂದು ವಾಯವ್ಯ ಹಿಮಾಲಯದ್ದು, ಇನ್ನೊಂದು ಅಂಡಮಾನಿನದ್ದು. ಕರಾವಳಿಯಲ್ಲಿ ಇರುವುದು ಹೆಡೆಯ ಹಿಂದೆ ಕನ್ನಡಕದ ಗುರುತು ಇರುವ ಇದೊಂದೇ. ಆ ಗುರುತು ಕೆಲವದರಲ್ಲಿ ಮಸುಕಾಗಿರುತ್ತದೆ, ಕೆಲವದರಲ್ಲಿ ಇರುವುದೇ ಇಲ್ಲ. ಹಾಗಾಗಿ ಗುರುತು ಕಾಣಲಿಲ್ಲ ಎಂದು ಧೈರ್ಯ ಮಾಡುವುದು ಬೇಡ.

ನಿಜವಾದ ಮರುಭೂಮಿ ಇದಕ್ಕೆ ಆಗುವುದಿಲ್ಲ. ಬಿಸಿಲೇ ನೆಲಕ್ಕೆ ಬೀಳದ ದಟ್ಟ ಕಾಡೂ ಅಷ್ಟಾಗಿ ಹಿಡಿಸುವುದಿಲ್ಲ. ಹಾವು ತನ್ನ ಮೈಯ ಶಾಖವನ್ನು ತಾನೇ ತಯಾರಿಸಿಕೊಳ್ಳುವುದಿಲ್ಲ. ಬೆಳಗ್ಗೆ ಬಿಸಿಲು ಕಾಯಿಸಿಕೊಳ್ಳಬೇಕು, ಮಧ್ಯಾಹ್ನ ತಂಪಿಗೆ ಹೋಗಬೇಕು. ಹಾಗಾಗಿ ಬಿಸಿಲೂ ನೆರಳೂ ನಾಲ್ಕು ಮಾರು ದೂರದಲ್ಲಿ ಒಟ್ಟಿಗೆ ಸಿಗುವ ಜಾಗ ಅದಕ್ಕೆ ಬೇಕು. ಎಂದರೆ ಅಂಚು. ಗದ್ದೆಗೂ ತೋಟಕ್ಕೂ ನಡುವಿನ ಅಂಚು, ತೋಡಿನ (ಸಣ್ಣ ಹಳ್ಳದ) ಅಂಚು, ಬನದ ಅಂಚು, ಹಿತ್ತಲಿನ ಅಂಚು.

ದಟ್ಟ ಕಾಡಿನ ಯಜಮಾನ ಬೇರೆಯೇ ಇದ್ದಾನೆ. ಹೆಬ್ರಿ ದಾಟಿ ಸೋಮೇಶ್ವರದಿಂದ ಘಾಟಿ ಹತ್ತಿದರೆ ಆಗುಂಬೆ. ಅಲ್ಲಿನದ್ದು ಕಾಳಿಂಗ ಸರ್ಪದ ರಾಜ್ಯ. ಹಾವುಗಳ ತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಶುರು ಮಾಡಿದ್ದೂ ಅಲ್ಲಿಯೇ. ಕಾಳಿಂಗ ಹೆಡೆ ಎತ್ತುತ್ತದೆ ನಿಜ, ಆದರೆ ನಾಗರಹಾವಿನ ದೊಡ್ಡಣ್ಣ ಅಲ್ಲ. ಅದರ ಕುಲವೇ ಬೇರೆ. 2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗವನ್ನು ಪ್ರತ್ಯೇಕ ಪ್ರಭೇದ ಎಂದು ಗುರುತಿಸಿ 'ಒಫಿಯೋಫೇಗಸ್ ಕಾಳಿಂಗ' ಎಂದು ಹೆಸರಿಟ್ಟರು. ನಮ್ಮ ಕನ್ನಡದ ಹೆಸರೇ ಜಗತ್ತಿನ ಪಟ್ಟಿಗೆ ಹೋಯಿತು. ಅದು ಬದುಕುವುದು ಮುಖ್ಯವಾಗಿ ಬೇರೆ ಹಾವುಗಳನ್ನು ತಿಂದು. ಕೇರೆಯೂ ಆಗುತ್ತದೆ, ನಾಗರಹಾವೂ ಆಗುತ್ತದೆ. ಘಟ್ಟದ ಬುಡದ ಹೆಬ್ರಿ, ಕಾರ್ಕಳ, ಬೆಳ್ತಂಗಡಿಯ ಅಡಿಕೆ ತೋಟಗಳಿಗೆ ಕಾಳಿಂಗ ಇಳಿದು ಬರುವುದುಂಟು. ಉಡುಪಿ ಪೇಟೆಯ ಹಿತ್ತಲಿನಲ್ಲಿ ಹೆಡೆ ಬಿಚ್ಚಿ ನಿಂತದ್ದು ಮಾತ್ರ ಬಹುಮಟ್ಟಿಗೆ ನಾಗರಹಾವೇ.

ಬೈಲು, ಮಜಲು, ಬೆಟ್ಟು

ನಾಗರಹಾವಿನ ಮನೆಯ ನಕ್ಷೆ ಬೇಕಾದರೆ ಬೇರೆ ಪುಸ್ತಕ ಬೇಡ. ನಮ್ಮ ಹಿರಿಯರು ಗದ್ದೆಗೆ ಇಟ್ಟ ಹೆಸರುಗಳೇ ಸಾಕು. ತಗ್ಗಿನಲ್ಲಿ, ತೋಡಿನ ಬಗಲಿಗೆ ಇರುವುದು ಬೈಲು ಗದ್ದೆ. ಅಲ್ಲಿ ನೀರು ಬೇಗ ಆರುವುದಿಲ್ಲ, ಎರಡು ಮೂರು ಬೆಳೆ ಬರುತ್ತದೆ. ಅದಕ್ಕಿಂತ ಸ್ವಲ್ಪ ಮೇಲೆ ಮಜಲು. ಇನ್ನೂ ಮೇಲೆ, ಮಳೆ ನಂಬಿದ ಒಂದೇ ಬೆಳೆಯ ಬೆಟ್ಟು. ಅದರಾಚೆ ಮುರಕಲ್ಲಿನ (ಜಂಬಿಟ್ಟಿಗೆಯ) ಪದವು, ಎಂದರೆ ಬೋಳು ಗುಡ್ಡದ ಬಯಲು. ಉಡುಪಿಯ ಕುಂಜಿಬೆಟ್ಟು, ಕಾಡಬೆಟ್ಟು, ಬೈಲೂರು, ಮಂಗಳೂರಿನ ಪದವಿನಂಗಡಿ. ಇಂದು ಅಲ್ಲೆಲ್ಲ ಕಟ್ಟಡ ತುಂಬಿದೆ, ಆದರೆ ಹೆಸರಿನಲ್ಲಿ ನೆಲದ ಏರಿಳಿತ ಹಾಗೇ ಉಳಿದಿದೆ. ಹಾವಿಗೆ ಇವತ್ತಿಗೂ ಲೆಕ್ಕಕ್ಕೆ ಬರುವುದು ಆ ಏರಿಳಿತವೇ.

ಬೈಲು ಅದರ ಊಟದ ಮನೆ. ಮೊದಲ ಮಳೆ ಬಿದ್ದ ರಾತ್ರಿ ಬೈಲಿನ ಕಪ್ಪೆಗಳ ಗಲಾಟೆ ಕೇಳಿದವರಿಗೆ ಅಲ್ಲಿ ಎಷ್ಟು ಊಟ ಇದೆ ಎಂದು ಹೇಳಬೇಕಾಗಿಲ್ಲ. ನಾಗರಹಾವು ಇಲಿ, ಹೆಗ್ಗಣ, ಕಪ್ಪೆ, ಓತಿ, ಹಕ್ಕಿಮರಿ, ಮೊಟ್ಟೆ, ಸಣ್ಣ ಹಾವು, ಸಿಕ್ಕಿದ್ದನ್ನು ತಿನ್ನುತ್ತದೆ. ಚೆನ್ನಾಗಿ ಈಜುತ್ತದೆ ಕೂಡ. ಆದರೆ ನೀರು ನಿಂತ ಬೈಲಿನಲ್ಲಿ ಮಲಗಲು ಆಗುವುದಿಲ್ಲವಲ್ಲ. ಅದಕ್ಕೆ ಬೇಕಾದದ್ದು ಕಟ್ಟಪುಣಿ.

ಕಟ್ಟಪುಣಿ ಎಂದರೆ ಗದ್ದೆಯ ಬದು. ನಡೆದು ಹೋಗುವವರಿಗೆ ಅದು ದಾರಿ, ಇಲಿಗೆ ಅದು ಮಹಡಿ ಮನೆ. ಗದ್ದೆಯ ಹೆಗ್ಗಣ ಬದುವಿನೊಳಗೆ ಉದ್ದಕ್ಕೆ ಬಿಲ ತೋಡುತ್ತದೆ. ಹೊರಗೆ ಬರಲು ಎರಡು ಮೂರು ಬಾಗಿಲು ಇಟ್ಟುಕೊಳ್ಳುತ್ತದೆ. ಕೊಯ್ಲಿನ ಹೊತ್ತಿಗೆ ಭತ್ತದ ತೆನೆಗಳನ್ನು ಕಡಿದು ಒಳಗೆ ರಾಶಿ ಹಾಕುತ್ತದೆ. ನಾಗರಹಾವಿಗೆ ಇಂಥ ಬಿಲ ತೋಡುವ ಶಕ್ತಿ ಇಲ್ಲ. ಅದು ಮಾಡುವುದು ಸುಲಭದ ಕೆಲಸ. ಒಳಗೆ ನುಗ್ಗಿ ಮನೆಯವರನ್ನು ತಿನ್ನುತ್ತದೆ, ಆಮೇಲೆ ಅದೇ ಮನೆಯಲ್ಲಿ ಮಲಗುತ್ತದೆ. ಅಕ್ಟೋಬರ್-ನವೆಂಬರಿನಲ್ಲಿ ಏಣೆಲು, ಎಂದರೆ ಮಳೆಗಾಲದ ಭತ್ತದ ಬೆಳೆಯ ಕೊಯ್ಲಿಗೆ ಇಳಿದವರಿಗೆ ಹಾವು ಎದುರಾಗುವುದು ಇದೇ ಕಾರಣಕ್ಕೆ. ಕೊಯ್ಲಿನ ಜೊತೆಗೆ ಇಲಿಗಳ ಓಡಾಟ ಜೋರಾಗಿರುತ್ತದೆ, ಮರೆಗೆ ಇದ್ದ ಪೈರು ಒಂದೇ ದಿನದಲ್ಲಿ ಇಲ್ಲವಾಗುತ್ತದೆ.

ಇಲ್ಲಿ ಹಡಿಲು ಗದ್ದೆಯ ಪ್ರಶ್ನೆ ಬರುತ್ತದೆ. ಕೆಲಸಕ್ಕೆ ಜನ ಇಲ್ಲದೆ ಬಿಟ್ಟ ಗದ್ದೆಯಲ್ಲಿ ಮೊದಲು ಹುಲ್ಲು, ಆಮೇಲೆ ಪೊದೆ. ಉಳುಮೆ ಇಲ್ಲ, ಕಟ್ಟಪುಣಿಗೆ ಮಣ್ಣು ಮೆತ್ತುವವರಿಲ್ಲ, ಮನುಷ್ಯರ ಕಾಲಿನ ಸದ್ದಿಲ್ಲ. ಹಾವಿಗೆ ಹೊರಗಿನ ಕಿವಿ ಇಲ್ಲದಿದ್ದರೂ ನೆಲದ ಅದುರು ಮೈಗೆ ಗೊತ್ತಾಗುತ್ತದೆ, ತಗ್ಗು ದನಿಯ ಸದ್ದೂ ತಿಳಿಯುತ್ತದೆ. ಅದುರು ಕಡಿಮೆ ಇದ್ದಲ್ಲಿ ಅದು ನಿಶ್ಚಿಂತೆಯಾಗಿ ಇರುತ್ತದೆ. ದೊಡ್ಡಮ್ಮನ ಎದುರಿನ ಗದ್ದೆ ಹಡಿಲು ಬಿದ್ದು ಎಂಟು ವರ್ಷ ಆಗಿತ್ತು. ಮನೆಯಲ್ಲಿ ಮಾತ್ರ ಎಲ್ಲರೂ ಬೊಟ್ಟು ಮಾಡಿದ್ದು ಬನದ ಕಡೆಗೆ.

ಬೆಟ್ಟು ಮತ್ತು ಮಜಲು ಅದರ ಮಲಗುವ ಕೋಣೆ. ಅಲ್ಲಿ ಕಡಿದ ಬರೆ (ಗುಡ್ಡದ ಕಡಿದಾದ ಮಗ್ಗುಲು) ಇದೆ, ಹಳೆಯ ಅಗಳು (ಕಂದಕ) ಇದೆ, ಗಾರೆ ಇಲ್ಲದೆ ಪೇರಿಸಿದ ಮುರಕಲ್ಲಿನ ಗೋಡೆ ಇದೆ. ಮುರಕಲ್ಲು ತೂತು ತೂತಿನ ಕಲ್ಲು. ಮೇಲಿನ ಪದರ ಗಟ್ಟಿ, ಕೆಳಗೆ ಮೆದು ಮಣ್ಣು. ಮಳೆ ನೀರು ಆ ಮಣ್ಣನ್ನು ಕೊರೆದು ಒಳಗೊಳಗೇ ಪೊಳ್ಳು ಮಾಡುತ್ತದೆ. ನೀರು ಬೇಗ ಇಳಿದು ಹೋಗುತ್ತದೆ, ಆದರೆ ತೇವ ಉಳಿಯುತ್ತದೆ. ಇಂಥ ನೆಲ ಹಾವಿಗೆ ಎಷ್ಟು ಅನುಕೂಲ ಎಂದರೆ, ಅದಕ್ಕೆ ಕೇಳಿ ಮಾಡಿಸಿದ ಹಾಗಿದೆ. ಪದವಿನ ಬೋಳು ಬಂಡೆ ಮಾತ್ರ ಬೇಸಿಗೆಯಲ್ಲಿ ಕಾವಲಿಯ ಹಾಗೆ ಕಾಯುತ್ತದೆ. ಅದರ ನಡುವಿಗೆ ನಾಗ ಹೋಗುವುದು ಕಡಿಮೆ.

ಕಡಲ ದಡದ ಬಿಸಿ ಮರಳೂ ಅದರ ಜಾಗ ಅಲ್ಲ. ಮಲ್ಪೆಯಲ್ಲೋ ಮಂಗಳೂರಿನ ಬಂದರಿನಲ್ಲೋ ಬಲೆಗೆ ಸಿಗುವುದು ಕಡಲ ಹಾವು. ವಿಷದಲ್ಲಿ ಅದು ನಾಗನ ನೆಂಟನೇ, ವಾಸದಲ್ಲಿ ಅಲ್ಲ. ದಡದ ಹಿಂದಿನ ತೆಂಗಿನ ತೋಟಕ್ಕೆ ಬಂದರೆ ಮತ್ತೆ ನಾಗನ ಸರಹದ್ದು. ಮಡಲಿನ ರಾಶಿ, ತೆಂಗಿನ ಸಿಪ್ಪೆಯ ಗುಪ್ಪೆ, ಕಾಯಿ ಕೊರೆಯುವ ಇಲಿ, ಎಲ್ಲವೂ ಅಲ್ಲಿ ಸಿಗುತ್ತದೆ.

ಹುತ್ತ ಯಾರದ್ದು?

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿತು ಎಂಬ ಗಾದೆ ಎಲ್ಲರಿಗೂ ಗೊತ್ತು. ಬೇರೆಯವರ ದುಡಿಮೆ ಕಸಿದವರನ್ನು ಬೈಯಲು ಅದನ್ನು ಬಳಸುತ್ತೇವೆ. ಪ್ರಾಣಿಶಾಸ್ತ್ರದ ಲೆಕ್ಕದಲ್ಲೂ ಗಾದೆ ಸರಿಯೇ. ಹುತ್ತದ ಒಂದು ಚಿಟಿಕೆ ಮಣ್ಣನ್ನೂ ಹಾವು ಹೊತ್ತಿಲ್ಲ.

ಆದರೆ ಗೆದ್ದಲು ತುಂಬಿ ತುಳುಕುವ ಹೊಸ ಹುತ್ತಕ್ಕೆ ಹಾವು ನುಗ್ಗುವುದು ಕಷ್ಟ. ಒಳಗಿನ ಓಣಿಗಳು ಗೆದ್ದಲಿನ ಅಳತೆಗೆ ಇರುತ್ತವೆ. ಹುತ್ತ ಹಳತಾಗಬೇಕು, ಮಳೆಗೆ ಒಂದು ಮಗ್ಗುಲು ಕುಸಿಯಬೇಕು, ಇಲಿಯೋ ಚಿಪ್ಪುಹಂದಿಯೋ ಬುಡ ಕೆದರಬೇಕು. ಆಗ ಬಾಗಿಲು ಆಯಿತು. ಒಳಗೆ ಹೋದರೆ ಹೊರಗಿನ ಬಿಸಿಲಿನ ಏರಿಳಿತ ಅಷ್ಟಾಗಿ ಮುಟ್ಟುವುದಿಲ್ಲ. ಮೇಲೆ ಗೋಪುರದ ಹಾಗೆ ಇರುವುದರಿಂದ ಮಳೆ ನೀರು ಜಾರಿ ಹೋಗುತ್ತದೆ. ಗಾಳಿಯಲ್ಲಿ ತೇವ ಇರುತ್ತದೆ.

ತೇವದ ಮಾತು ಮತ್ತೆ ಮತ್ತೆ ಹೇಳುತ್ತಿದ್ದೇನೆ, ಕಾರಣ ಇದೆ. ಹಾವಿನ ಮೊಟ್ಟೆ ಕೋಳಿಮೊಟ್ಟೆಯಂತೆ ಗಟ್ಟಿ ಚಿಪ್ಪಿನದ್ದಲ್ಲ. ಮೆತ್ತಗೆ, ಚರ್ಮದ ಹಾಗೆ. ಸುತ್ತ ಒಣಗಿದರೆ ಮೊಟ್ಟೆಯೂ ಬತ್ತುತ್ತದೆ, ನೀರು ನಿಂತರೆ ಕೊಳೆಯುತ್ತದೆ. ಎರಡರ ನಡುವಿನ ಹದ ಬೇಕು. ಪೊರೆ ಬಿಡುವಾಗಲೂ ಅಷ್ಟೇ, ತೇವ ಸಾಲದಿದ್ದರೆ ಪೊರೆ ಹರಿದು ಹರಿದು ಮೈಗೆ ಅಂಟಿಕೊಳ್ಳುತ್ತದೆ. ಹೆಣ್ಣು ನಾಗರಹಾವು ಬೇಸಿಗೆಯ ಕೊನೆಯಿಂದ ಮಳೆಗಾಲದ ಶುರುವಿನ ಹೊತ್ತಿಗೆ 10ರಿಂದ 30 ಮೊಟ್ಟೆ ಇಡುತ್ತದೆ. ಹಳೆಯ ಹುತ್ತ, ಇಲಿ ಬಿಲ, ಪೊಳ್ಳು ಮರದ ಬುಡ, ಕೆಲವೊಮ್ಮೆ ನಮ್ಮ ಗೊಬ್ಬರದ ಗುಂಡಿ. ಮೊಟ್ಟೆಯ ಹತ್ತಿರವೇ ಕಾವಲು ಇರುತ್ತದೆ. ಸುಮಾರು ಎರಡು ತಿಂಗಳಲ್ಲಿ ಮರಿ ಹೊರಗೆ ಬರುತ್ತದೆ. ಒಂದು ಗೇಣಿಗಿಂತ ಸ್ವಲ್ಪ ಉದ್ದ ಅಷ್ಟೇ, ಆದರೆ ಹುಟ್ಟುವಾಗಲೇ ಹೆಡೆಯೂ ಇದೆ, ವಿಷವೂ ಇದೆ.

ಈಗ ತಿಂಗಳ ಲೆಕ್ಕ ಹಾಕಿ. ಮರಿಗಳು ಹೊರಬರುವ ಕಾಲ ಆಟಿ ತಿಂಗಳ (ಜುಲೈ-ಆಗಸ್ಟ್) ಆಸುಪಾಸು. ಆಗ ಮರಿಗಳಿಗೆ ನುಂಗಲು ಆಗುವಷ್ಟು ಸಣ್ಣ ಕಪ್ಪೆಗಳು ಗದ್ದೆ ತುಂಬ. ನಾಗರ ಪಂಚಮಿ ಬೀಳುವುದೂ ಅದೇ ಸುಮಾರಿಗೆ. ಆ ದಿನ ನೆಲ ಅಗೆಯಬಾರದು, ಉಳಬಾರದು ಎನ್ನುವ ಕಟ್ಟಳೆ ನಮ್ಮಲ್ಲಿ ಇದೆ. ಹಿರಿಯರು ಹಾವಿನ ಮೊಟ್ಟೆ ಎಣಿಸಿಯೇ ಈ ನಿಯಮ ಮಾಡಿದರು ಎಂದು ನಾನು ಹೇಳಲಾರೆ. ಹಾಗೆ ಹೇಳುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನವೂ ಇದೆ. ಆದರೆ ಕಾಲ ಕೂಡಿ ಬಂದಿರುವುದು ಸುಳ್ಳಲ್ಲ. ನಾಗಕ್ಷೇತ್ರವಾದ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಹುತ್ತದ ಮಣ್ಣೇ ಪ್ರಸಾದ ಎಂಬುದನ್ನೂ ಇದರ ಪಕ್ಕದಲ್ಲಿಟ್ಟು ನೋಡಬಹುದು.

ಬನದಲ್ಲಿ ಏನಿತ್ತು

ದೊಡ್ಡಮ್ಮನ ಬನ ಮೊದಲು ಹೇಗಿತ್ತು ಎಂದು ನನಗೆ ಚೆನ್ನಾಗಿ ನೆನಪಿದೆ. ರೆಂಜೆ, ಹಾಲೆ, ಬೈನೆ, ಒಂದು ದೊಡ್ಡ ಮಾವು. ಮೇಲೆ ಹೆಬ್ಬಳ್ಳಿ. ನೆಲದಲ್ಲಿ ಮೊಣಕಾಲು ಹೂತುಹೋಗುವಷ್ಟು ತರಗೆಲೆ. ಅಲ್ಲಿಂದ ಕಡ್ಡಿಯೂ ತರುವಂತಿಲ್ಲ. ಚೆಂಡು ಒಳಗೆ ಬಿದ್ದರೆ ಅದು ನಾಗನಿಗೇ ಹೋಯಿತು ಎಂದು ಲೆಕ್ಕ. ನಾವು ಮಕ್ಕಳು ಎಷ್ಟು ಚೆಂಡು ಹಾಗೆ ಅರ್ಪಿಸಿದ್ದೇವೋ.

ಈ ಹೆದರಿಕೆಯೇ ಬನವನ್ನು ಕಾದದ್ದು. ಮರ ಸಾಯುವವರೆಗೂ ನಿಂತಿತು, ಪೊಳ್ಳಾಯಿತು. ಬೇರುಗಳ ಸಂದಿ ಹಾಗೇ ಉಳಿಯಿತು. ತರಗೆಲೆಯ ಕೆಳಗೆ ಹುಳ, ಹುಳಕ್ಕೆ ಕಪ್ಪೆ, ಓತಿ. ಬನಗಳು ಅನೇಕ ಕಡೆ ಗದ್ದೆಯ ಅಥವಾ ತೋಡಿನ ಮಗ್ಗುಲಲ್ಲೇ ಇರುತ್ತವೆ. ಊಟದ ಮನೆಗೂ ಮಲಗುವ ಕೋಣೆಗೂ ನಾಲ್ಕೇ ಹೆಜ್ಜೆ. ಬೆಳಗ್ಗೆ ಅಂಚಿಗೆ ಬಂದು ಬಿಸಿಲು ಕಾಯಿಸಿ, ಮಧ್ಯಾಹ್ನ ಒಳಗೆ ಹೋಗಿ ತಂಪಾಗಿ ಮಲಗಬಹುದು.

ಕೇದಗೆಯ ಕತೆಯೂ ಇಂಥದ್ದೇ. ಹೂವಿನ ಪರಿಮಳಕ್ಕೆ ನಾಗ ಬರುತ್ತದೆ ಎನ್ನುತ್ತಾರೆ. ಹೂವಿನ ಪರಿಮಳದಿಂದ ಹಾವಿಗೆ ಆಗಬೇಕಾದದ್ದು ಏನೂ ಇಲ್ಲ. ಅದು ನಾಲಿಗೆ ಚಾಚಿ ಗಾಳಿಯಲ್ಲಿ ಹುಡುಕುವುದು ಇಲಿ, ಕಪ್ಪೆ, ಮತ್ತೊಂದು ಹಾವಿನ ವಾಸನೆ. ಆದರೆ ಕೇದಗೆ ಬೆಳೆಯುವುದು ಎಲ್ಲಿ? ತೋಡಿನ ದಡದಲ್ಲಿ, ಬೈಲಿನ ಬದುವಿನಲ್ಲಿ. ಬೇರುಗಳು ಕಾಲು ಊರಿದ ಹಾಗೆ ನಿಂತು ಕೆಳಗೆ ಗುಹೆ ಮಾಡುತ್ತವೆ, ಎಲೆಯ ಮುಳ್ಳು ನಾಯಿ, ದನಗಳನ್ನು ದೂರ ಇಡುತ್ತದೆ. ಕೇದಗೆ ಹಿಂಡಿಲಿನಲ್ಲಿ ಹಾವು ಇರುವುದು ಸತ್ಯ. ಕಾರಣ ಮಾತ್ರ ಹೂವಲ್ಲ, ಬುಡ.

ಇಂಥ ಬನಕ್ಕೆ ಇಂಟರ್‌ಲಾಕ್ ಹಾಕಿದಾಗ ಏನಾಯಿತು ಎಂದು ಬೇರೆ ಬಿಡಿಸಿ ಹೇಳಬೇಕಾ? ತರಗೆಲೆ ಹೋಯಿತು, ಸಂದಿ ಮುಚ್ಚಿತು, ನೆರಳು ಅರ್ಧವಾಯಿತು. ಕಲ್ಲಿನ ನಾಗನಿಗೆ ಗ್ರಾನೈಟ್ ಸಿಕ್ಕಿತು, ಜೀವ ಇರುವ ನಾಗ ಬೇರೆ ಬಾಡಿಗೆ ಮನೆ ಹುಡುಕಿತು. ಪಂಚಮಿಗೆ ನಾನೂ ಸೀಯಾಳ, ಹಿಂಗಾರ ಹಿಡಿದುಕೊಂಡು ಹೋಗುವವನೇ, ಅರಸಿನ ಎಲೆಯ ಕಡುಬು ತಿನ್ನುವವನೇ. ಆದರೂ ಈ ಒಂದು ವಿಷಯದಲ್ಲಿ ನಮ್ಮವರ ಮೇಲೆ ನನಗೆ ಸಿಟ್ಟಿದೆ. ಬನ ಎಂದರೆ ಕಟ್ಟೆ ಅಂತ ಯಾರು ಹೇಳಿದರು? ಆ ಶಬ್ದದ ಅರ್ಥವೇ ವನ.

ಹೆಂಚು ಯಾವಾಗಿನದ್ದು?

ಈಗ ಹೆಂಚಿನ ರಾಶಿ. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿತು. ಅಲ್ಲಿಂದ ಮುಂದೆ ಒಂದು ಶತಮಾನ ನಮ್ಮ ಕಡೆಯ ಮಾಡುಗಳೆಲ್ಲ ಕೆಂಪಾದವು. ಈಗ ತಾರಸಿ ಮನೆ ಕಟ್ಟುವಾಗ ಹಳೆಯ ಹೆಂಚು ಇಳಿಸುತ್ತಾರೆ. ಎಸೆಯಲು ಮನಸ್ಸು ಬರುವುದಿಲ್ಲ. 'ಹಟ್ಟಿಗಾದರೂ ಆಗ್ತದೆ' ಎಂದು ಹಿತ್ತಲಿನಲ್ಲಿ ಪೇರಿಸುತ್ತಾರೆ. ಹಟ್ಟಿಯಲ್ಲಿ ದನವೇ ಇಲ್ಲದೆ ಹತ್ತು ವರ್ಷ ಆಗಿರುತ್ತದೆ.

ಪೇರಿಸಿದ ಹೆಂಚುಗಳ ನಡುವೆ ಬೆರಳು ದಪ್ಪದಿಂದ ಅಂಗೈ ಅಗಲದವರೆಗೆ ಸಂದಿ ಇರುತ್ತದೆ. ಬಿಸಿಲಿಗೆ ಹೆಂಚು ಬೆಚ್ಚಗಾಗಿ ಸಂಜೆಯವರೆಗೂ ಶಾಖ ಹಿಡಿದಿಡುತ್ತದೆ. ಬುಡದ ಸಾಲು ಮಾತ್ರ ಯಾವಾಗಲೂ ತಂಪು. ಬೇಸಾಯ ನಿಂತರೂ ಕೋಳಿ ನಿಲ್ಲದ ಮನೆ ದೊಡ್ಡಮ್ಮನದ್ದು. ಕೋಳಿಯ ಅಕ್ಕಿ ಬಾಯಿ ತೆರೆದ ಗೋಣಿಯಲ್ಲಿ, ಹೆಂಚಿನಿಂದ ಐದು ಮಾರು ದೂರದ ಸೌದೆ ಕೊಟ್ಟಿಗೆಯಲ್ಲಿ ಇತ್ತು. ಬಚ್ಚಲಿನ ನೀರು ಬಾಳೆ ಬುಡಕ್ಕೆ. ಅಲ್ಲಿ ಏಪ್ರಿಲ್‌ನಲ್ಲೂ ಕಪ್ಪೆ. ಬಿಸಿಲು, ತಂಪು, ಇಲಿ, ಕಪ್ಪೆ, ಸಂದಿ. ಬನದಲ್ಲಿ ಇದ್ದದ್ದೆಲ್ಲ ಇಲ್ಲಿ ಇನ್ನೂ ಹತ್ತಿರದಲ್ಲೇ ಸಿಕ್ಕಿತು.

ಮಂಗಳೂರು ಪೇಟೆಯಲ್ಲೂ ಲೆಕ್ಕ ಇದೇ, ಸಾಮಾನು ಮಾತ್ರ ಬೇರೆ. ಅದು ಗುಡ್ಡ ಮತ್ತು ತಗ್ಗಿನ ಊರು. ಗುಡ್ಡ ಕಡಿದು ಸೈಟ್ ಮಾಡುತ್ತಾರೆ, ಬರೆ ನಿಲ್ಲಲು ಎತ್ತರದ ತಡೆಗೋಡೆ ಕಟ್ಟುತ್ತಾರೆ, ಗೋಡೆಯಲ್ಲಿ ನೀರು ಹೋಗಲು ಸಾಲು ಸಾಲು ತೂತು ಬಿಡುತ್ತಾರೆ. ಹಾವಿನ ಕಣ್ಣಿಗೆ ಅದು ಸಾಲು ಮನೆ. ಪಕ್ಕದ ಖಾಲಿ ಸೈಟಿನಲ್ಲಿ ಪೊದೆ, ಕೆಳಗೆ ಚರಂಡಿ, ಚರಂಡಿಯಲ್ಲಿ ಹೆಗ್ಗಣ, ಕೋಳಿ ಮಾಂಸದ ಕಸ. ಐದು ಅಂತಸ್ತಿನ ಫ್ಲ್ಯಾಟಿನ ಪಾರ್ಕಿಂಗಿನಲ್ಲಿ ನಾಗರಹಾವು ಕಂಡರೆ 'ಎಲ್ಲಿಂದ ಬಂತು' ಎಂದು ಆಶ್ಚರ್ಯಪಡುತ್ತಾರೆ. ಅದು ಎಲ್ಲಿಂದಲೂ ಬಂದಿಲ್ಲ. ಫ್ಲ್ಯಾಟಿಗೆ ಪಾಯ ತೋಡುವ ಮೊದಲೇ ಆ ಬರೆಯಲ್ಲಿ ಇತ್ತು.

ಮಳೆಗಾಲದಲ್ಲಿ ಯಾಕೆ ಜಾಸ್ತಿ ಕಾಣುತ್ತದೆ ಎಂಬುದಕ್ಕೆ ಉತ್ತರ ಇಷ್ಟರಲ್ಲೇ ನಿಮಗೆ ಹೊಳೆದಿರಬಹುದು. ನಮ್ಮ ಕರಾವಳಿಗೆ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಬಿಲಕ್ಕೆ ನೀರು ನುಗ್ಗಿದಾಗ ಇಲಿ ಎತ್ತರಕ್ಕೆ ಓಡುತ್ತದೆ, ಹಿಂದಿನಿಂದ ಹಾವು. ಬೈಲಿನ ಅಂಚಿನಲ್ಲಿ ಎತ್ತರದ ಒಣ ಜಾಗ ಎಂದರೆ ನಮ್ಮ ಜಗಲಿ, ಸೌದೆ ಕೊಟ್ಟಿಗೆ, ಬಚ್ಚಲೊಲೆ. ಬೇಸಿಗೆಯಲ್ಲಿ ಇದೇ ಹಾವು ಹಗಲು ಒಳಗಿದ್ದು ಸಂಜೆಯ ಮೇಲೆ ಓಡಾಡುತ್ತದೆ, ನೀರು ಬಿಟ್ಟ ಅಡಿಕೆ ತೋಟಕ್ಕೆ ಇಳಿಯುತ್ತದೆ. ಡಿಸೆಂಬರ್, ಜನವರಿಯ ಬೆಳಗ್ಗೆ ಬಿಲದ ಬಾಯಲ್ಲೇ ಬಿಸಿಲು ಕಾಯಿಸುತ್ತದೆ. ವರ್ಷವಿಡೀ ಒಂದೇ ಹುತ್ತದಲ್ಲಿ ಇರುವ ಹಾವು ಅಲ್ಲ ಅದು. ಅದಕ್ಕೆ ನಾಲ್ಕಾರು ಮನೆ, ಕಾಲಕ್ಕೆ ತಕ್ಕ ಹಾಗೆ ಬದಲು.

ಹಾಗಾದರೆ ಹಿಡಿದು ದೂರದ ಕಾಡಿಗೆ ಬಿಟ್ಟರೆ ಆಗದೇ? ಹೆಚ್ಚಿನವರು ಕೇಳುವುದು ಅದನ್ನೇ. ಆಗುವುದಿಲ್ಲ. ಗೊತ್ತಿಲ್ಲದ ಜಾಗದಲ್ಲಿ ಬಿಟ್ಟ ಹಾವಿಗೆ ಬಿಲ ಎಲ್ಲಿ, ನೀರು ಎಲ್ಲಿ, ಶತ್ರು ಯಾರು ಗೊತ್ತಿರುವುದಿಲ್ಲ. ಸುಮ್ನೆ ಅಲೆಯುತ್ತದೆ, ರಸ್ತೆ ದಾಟುತ್ತದೆ, ಸಾಯುವ ಸಂಭವ ಜಾಸ್ತಿ. ಘಟ್ಟದ ಬುಡಕ್ಕೆ ಬಿಟ್ಟರೆ ಕಾಳಿಂಗನಿಗೆ ಊಟವೂ ಆಗಬಹುದು. ಇತ್ತ ಹಿತ್ತಲಿನಲ್ಲಿ ಇಲಿಯೂ ಸಂದಿಯೂ ಹಾಗೇ ಇದ್ದರೆ ಖಾಲಿಯಾದ ಮನೆಗೆ ಇನ್ನೊಂದು ಹಾವು ಬರುತ್ತದೆ. ತಿಳಿದವರು ಹಿಡಿದ ಹಾವನ್ನು ಹತ್ತಿರದಲ್ಲೇ ಒಳ್ಳೆಯ ಮರೆ ಇರುವಲ್ಲಿ ಬಿಡುವುದು ಇದಕ್ಕೇ. ಅಂದ ಹಾಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾಗರಹಾವನ್ನು ಕೊಲ್ಲುವುದು, ಹಿಡಿದು ಇಟ್ಟುಕೊಳ್ಳುವುದು ಅಪರಾಧ. ಬೆಳ್ಳುಳ್ಳಿ ನೀರು, ಫಿನಾಯಿಲ್, ಕಾರ್ಬೋಲಿಕ್ ಆಸಿಡ್ ಸುರಿದರೆ ಹಾವು ಬರುವುದಿಲ್ಲ ಎಂಬುದನ್ನೂ ನಂಬಬೇಡಿ. ಆಸಿಡ್ ಸುಡುವುದು ಮನೆಯ ಮಕ್ಕಳ ಕಾಲನ್ನು.

ಕಚ್ಚಿದರೆ ಏನು ಎಂಬುದನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಭಾರತದಲ್ಲಿ 2000ದಿಂದ 2019ರ ನಡುವೆ ಹಾವು ಕಚ್ಚಿ ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆ ಎಂದು ಅಂದಾಜು. ಕರ್ನಾಟಕ ಸರಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಘೋಷಿಸಿತು. ನಾಗರಹಾವಿನ ವಿಷ ನರಗಳನ್ನು ಹಿಡಿಯುತ್ತದೆ. ರೆಪ್ಪೆ ಜೋತು ಬೀಳುತ್ತದೆ, ಮಾತು ತೊದಲುತ್ತದೆ, ಆಮೇಲೆ ಉಸಿರು. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಚೀಪುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲ್ಲಾಡಿಸದೆ ಆಸ್ಪತ್ರೆಗೆ ಹೋಗಬೇಕು. ಪ್ರತಿವಿಷ ಇರುವುದು ಅಲ್ಲಿ. ರಾತ್ರಿ ಹಿತ್ತಲಿಗೆ ಹೋಗುವಾಗ ಟಾರ್ಚ್, ಸೌದೆ ತೆಗೆಯುವ ಮೊದಲು ಕೋಲಿನಿಂದ ಒಂದು ತಟ್ಟು. ಅರ್ಧ ಅಪಾಯ ಅಲ್ಲೇ ಕಡಿಮೆ.

ದೊಡ್ಡಮ್ಮನ ಹೆಂಚಿನ ರಾಶಿಗೆ ಮರಳುತ್ತೇನೆ. ಹಾವು ಹಿಡಿಯುವವರು ಒಂದೊಂದೇ ಹೆಂಚು ತೆಗೆದು ಇನ್ನೊಂದು ಕಡೆ ಜೋಡಿಸಿದರು. ಒಂದು ಗಂಟೆ ಆಯಿತು. ಬುಡದಲ್ಲಿ ಸಿಕ್ಕಿದ್ದು ಹಳೆಯ ಸೀರೆಯ ಚೂರಿನಿಂದ ಮಾಡಿದ ಇಲಿಯ ಗೂಡು, ಮತ್ತೆ ಉದ್ದಕ್ಕೆ ಬಿಟ್ಟ ಪೊರೆ. ಹಾವು ಇರಲಿಲ್ಲ. "ಈಗ ಎಲ್ಲಿ ಹೋಯ್ತು?" ಎಂದು ದೊಡ್ಡಮ್ಮ ಕೇಳಿದರು. ಹಾವು ಹಿಡಿಯುವವರು ಬನದ ಹಿಂದಿನ ಮೂಲೆ ತೋರಿಸಿದರು. ಇಂಟರ್‌ಲಾಕ್ ಸಾಲದೆ ಬಿಟ್ಟಿದ್ದ ಜಾಗ. ರೆಂಜೆಯ ಬೇರು ಹಳೆಯ ಮುರಕಲ್ಲಿನ ಗೋಡೆಯನ್ನು ಸ್ವಲ್ಪ ಎತ್ತಿತ್ತು, ಕೆಳಗೆ ಕಪ್ಪಗೆ ಒಂದು ಸಂದಿ. "ಅಲ್ಲೇ ಇರಬೇಕು ಅಮ್ಮ. ಎಲ್ಲಿಗೆ ಹೋಗ್ತದೆ ಅದು?"

ಕೋಳಿಯ ಅಕ್ಕಿ ಈಗ ಮುಚ್ಚಳ ಇರುವ ಡಬ್ಬದಲ್ಲಿದೆ. ಹೆಂಚನ್ನು ಅಣ್ಣ ಮನೆಯಿಂದ ದೂರ, ಬೆಟ್ಟಿನ ಬದಿಗೆ ಸಾಗಿಸಿದ. ಉಳಿದ ಮೂಲೆಗೂ ಇಂಟರ್‌ಲಾಕ್ ಹಾಕಿಕೊಡುತ್ತೇವೆ ಎಂದು ಗುತ್ತಿಗೆಯವರು ಹೋದ ತಿಂಗಳು ಫೋನ್ ಮಾಡಿದ್ದರಂತೆ. "ಈ ವರ್ಷ ಬೇಡ, ದುಡ್ಡಿಲ್ಲ" ಅಂದರಂತೆ ದೊಡ್ಡಮ್ಮ. ದುಡ್ಡು ಇತ್ತು.